ಎದುರುಮಾತಿಗೆ ಹಳದಿ, ಬೈಗುಳಕ್ಕೆ ಕೆಂಪು: ಗೆರೆ ಎಳೆಯುವುದು ಎಲ್ಲಿ? (ಅಡ್ಡಹೆಸರಿನ ಮೂವರ ಮಾತುಕತೆ)

ಹೊಸ ಸೀಟಿ: ಫುಟ್‌ಬಾಲ್‌ನಲ್ಲಿ ರೆಫರಿ ತೀರ್ಪು ಕೊಟ್ಟ ತಕ್ಷಣ ನಾಲ್ಕೈದು ಆಟಗಾರರು ಮುತ್ತಿಕೊಂಡು ಕೂಗಾಡಿದರೆ ಕಾರ್ಡ್ ಯಾರಿಗೆ? ಯಾವ ಮಾತಿಗೆ ಹಳದಿ (ಎಚ್ಚರಿಕೆ), ಯಾವುದಕ್ಕೆ ಕೆಂಪು (ಮೈದಾನದಿಂದ ಹೊರಗೆ)? ಚೆಂಡು ಆಟದಲ್ಲಿರುವಾಗಲೇ ಬೈದರೆ ಆಟ ಮತ್ತೆ ಶುರುವಾಗುವುದು ಹೇಗೆ?

ಹನ್ನೆರಡನೇ ನಿಯಮ: ಮಾತು ತೀರ್ಪಿನ ಮೇಲಿದ್ದರೆ ಹಳದಿ, ವ್ಯಕ್ತಿಯ ಮೇಲೆ ತಿರುಗಿದರೆ ಕೆಂಪು. "ಅದು ಫೌಲೇ ಅಲ್ಲ, ಏನ್ ನೋಡ್ತಿದ್ದೀರಿ!" ಎಂದು ಕಿರುಚಿದರೆ ಹಳದಿ. ವ್ಯಂಗ್ಯವಾಗಿ ಚಪ್ಪಾಳೆ ತಟ್ಟಿದರೂ ಅಷ್ಟೇ. "ಎಷ್ಟು ದುಡ್ಡು ತಿಂದೆ?" ಅಂದರೆ ಅಥವಾ ಅಮ್ಮ-ಅಕ್ಕ ಎಂದು ಎತ್ತಿ ಬೈದರೆ ನೇರ ಕೆಂಪು, ಮೊದಲು ಎಚ್ಚರಿಕೆ ಕೊಡಬೇಕೆಂದೇನಿಲ್ಲ. ಆದರೆ ಗೋಲು ತಪ್ಪಿಸಿಕೊಂಡವನು ತನ್ನನ್ನೇ ಬೈದುಕೊಂಡದ್ದಕ್ಕೆ ಕೆಂಪು ತೆಗೆದರೆ ಪಂದ್ಯ ಕೈತಪ್ಪುತ್ತದೆ. ಸಣ್ಣ ಗೊಣಗಾಟವನ್ನು ಓಡುತ್ತಲೇ "ಸಾಕು" ಎಂದು ಮುಗಿಸಿ. ಎಲ್ಲರಿಗೂ ಕೇಳುವಂತಿದ್ದರೆ, ಇಲ್ಲವೇ ಹೇಳಿದ ಮೇಲೂ ನಿಲ್ಲದಿದ್ದರೆ ಕಾರ್ಡ್ ತೆಗೆಯಿರಿ.

ಗೆರೆ ಕಾಯುವವ: ಬಾಯಿಮಾತಿನ ತಪ್ಪಿಗೆ ಆಟ ನಿಲ್ಲಿಸಿದರೆ ಇನ್‌ಡೈರೆಕ್ಟ್ ಫ್ರೀ ಕಿಕ್ (ಚೆಂಡು ಇನ್ನೊಬ್ಬ ಆಟಗಾರನಿಗೆ ತಾಗಿದ ಮೇಲಷ್ಟೇ ಗೋಲು ಎಣಿಸುವ ಒದೆತ) ಮಾತ್ರ. ಡಿಫೆಂಡರ್ ತನ್ನ ಪೆನಾಲ್ಟಿ ಏರಿಯಾದಲ್ಲೇ ನಿಂತು ಬೈದರೂ ಪೆನಾಲ್ಟಿ ಇಲ್ಲ. ಬಹಳ ಜನ ಎಡವುವುದು ಇಲ್ಲೇ. ಆಟ ಮೊದಲೇ ನಿಂತಿದ್ದರೆ ಕಾರ್ಡ್ ತೋರಿಸಿ, ಹಿಂದೆ ಕೊಟ್ಟ ತೀರ್ಪಿನಂತೆಯೇ ಶುರು ಮಾಡಿ.

ಮುತ್ತಿಕೊಂಡಾಗ ಎಲ್ಲರಿಗೂ ಉತ್ತರ ಕೊಡಲು ಹೋಗಬೇಡಿ. ಎರಡು ಹೆಜ್ಜೆ ಹಿಂದೆ ಸರಿದು ಕ್ಯಾಪ್ಟನ್‌ನನ್ನು ಮಾತ್ರ ಕರೆಯಿರಿ. 2024ರ ಯೂರೋ ಕಪ್‌ನಲ್ಲಿ ನಡೆದದ್ದು ಇದೇ ಪದ್ಧತಿ. ಕ್ಯಾಪ್ಟನ್ ಗೋಲ್‌ಕೀಪರ್ ಆಗಿದ್ದರೆ ಮಾತಾಡಲು ಬರುವ ಇನ್ನೊಬ್ಬನನ್ನು ಟಾಸ್ ಹೊತ್ತಿಗೇ ಗೊತ್ತುಮಾಡಿಕೊಳ್ಳಿ. ಆಮೇಲೂ ನುಗ್ಗಿದರೆ, ಎಲ್ಲರಿಗಿಂತ ಜೋರಾಗಿ ಕೂಗಿದವನ ನಂಬರ್ ಹಿಡಿದು ಹಳದಿ ತೋರಿಸಿ. ಬೆಂಚಿನಿಂದ ಬೈದವರು ಯಾರೆಂದು ತಿಳಿಯದಿದ್ದರೆ ಅಲ್ಲಿರುವ ಹಿರಿಯ ಕೋಚ್‌ಗೆ ಕಾರ್ಡ್.

ಹೊಸ ಸೀಟಿ: ಸಿನ್ ಬಿನ್ (ತಪ್ಪು ಮಾಡಿದವನನ್ನು ಸ್ವಲ್ಪ ಹೊತ್ತು ಮಾತ್ರ ಹೊರಗೆ ಕೂರಿಸುವುದು) ಬಳಸಬಹುದಾ?

ಹನ್ನೆರಡನೇ ನಿಯಮ: ನಿಮ್ಮ ಟೂರ್ನಿಯ ನಿಯಮದಲ್ಲಿದ್ದರೆ ಮಾತ್ರ. ಅದಿರುವುದು ಕಿರಿಯರ, ಹಿರಿಯ ವಯಸ್ಸಿನವರ, ವಿಕಲಚೇತನರ ಮತ್ತು ತಳಮಟ್ಟದ ಪಂದ್ಯಗಳಿಗೆ. 90 ನಿಮಿಷದ ಆಟಕ್ಕೆ 10 ನಿಮಿಷ ಹೊರಗೆ. ಆಟಗಾರ ಹೊರನಡೆದು ಆಟ ಮತ್ತೆ ಶುರುವಾದ ಮೇಲೆ ಗಡಿಯಾರ ಒತ್ತಿ. ಕಾರ್ಡ್ ತೋರಿಸಿದ ಕ್ಷಣದಿಂದ ಎಣಿಸಿದರೆ ಅವನು ಬೇಗ ಒಳಬರುತ್ತಾನೆ.

ಗೆರೆ ಕಾಯುವವ: ವರದಿಯ ಬಗ್ಗೆ ಒಂದು ಮಾತು. "ಅಸಭ್ಯವಾಗಿ ಮಾತಾಡಿದ" ಎಂದಷ್ಟೇ ಬರೆದರೆ ಶಿಸ್ತು ಸಮಿತಿಗೆ ಶಿಕ್ಷೆ ಅಳೆಯಲು ಏನೂ ಸಿಗದು. ಆಡಿದ ಪದ ಎಷ್ಟೇ ಹೊಲಸಾಗಿರಲಿ ಹಾಗೆಯೇ ಬರೆಯಿರಿ. ನಿಮಿಷ, ನಂಬರ್, ಯಾರಿಗೆ ಹೇಳಿದ, ನೀವು ಎಷ್ಟು ದೂರದಲ್ಲಿದ್ದಿರಿ ಎಂಬುದೂ ಇರಲಿ. ಪದಗಳನ್ನು ವಿರಾಮದಲ್ಲೇ ಕಾರ್ಡಿನ ಹಿಂದೆ ಗುರುತು ಹಾಕಿಕೊಳ್ಳಿ, ಪಂದ್ಯ ಮುಗಿಯುವಷ್ಟರಲ್ಲಿ ಮರೆತುಹೋಗಿರುತ್ತವೆ.