ಭೂಗತ ರೈಲು, ಸುರಂಗ ರೈಲು, ಮೆಟ್ರೊ: ಯಾವ ಪದ ಯಾವುದಕ್ಕೆ ಸಲ್ಲುತ್ತದೆ?

ಲಂಡನ್ನಿನ ‘ಅಂಡರ್‌ಗ್ರೌಂಡ್’ ಕುರಿತ ಬರಹಗಳನ್ನು ಕನ್ನಡಕ್ಕೆ ತರುವಾಗ ಒಬ್ಬರು ‘ಭೂಗತ ರೈಲು’ ಎಂದೂ ಇನ್ನೊಬ್ಬರು ‘ಸುರಂಗ ರೈಲು’ ಎಂದೂ ಮತ್ತೊಬ್ಬರು ಬರಿದೇ ‘ಮೆಟ್ರೊ’ ಎಂದೂ ಬರೆಯುತ್ತಾರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಡಬಹುದೇ ಎಂಬುದು ಪ್ರಶ್ನೆ. ಇಡಲಾಗದು ಎಂಬುದು ನನ್ನ ಅಭಿಪ್ರಾಯ.

ಮೊದಲಿಗೆ ‘ಮೆಟ್ರೊ’. ಇದರ ಅರ್ಥದಲ್ಲಿ ನೆಲದಡಿ ಎಂಬ ಭಾವವೇ ಇಲ್ಲ. 1863ರ ಜನವರಿ 10ರಂದು ಪ್ಯಾಡಿಂಗ್ಟನ್ನಿನಿಂದ ಫ್ಯಾರಿಂಗ್ಡನ್ನಿಗೆ ಜನರನ್ನು ಒಯ್ಯತೊಡಗಿದ ಉಗಿಬಂಡಿಯ ಮಾರ್ಗವನ್ನು ಕಟ್ಟಿದ ಕಂಪನಿಯ ಹೆಸರು ‘ಮೆಟ್ರೊಪಾಲಿಟನ್ ರೈಲ್ವೆ’, ಅಂದರೆ ಮಹಾನಗರದ ರೈಲು. ಪ್ಯಾರಿಸ್ಸಿನಲ್ಲಿ 1900ರಲ್ಲಿ ಆರಂಭವಾದ ‘ಮೆಟ್ರೊಪೊಲಿತೆನ್’ ಜನರ ಬಾಯಲ್ಲಿ ‘ಮೆಟ್ರೊ’ ಆಗಿ, ಆ ಕಿರಿದಾದ ರೂಪವೇ ಲೋಕವನ್ನೆಲ್ಲ ಸುತ್ತಿತು. ಬೆಂಗಳೂರಿನಲ್ಲಿ 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಓಡಿದ ಮೊದಲ ‘ನಮ್ಮ ಮೆಟ್ರೊ’ ಬಹುತೇಕ ಕಂಬಗಳ ಮೇಲಿನದು. ನೆಲದಡಿಯ ಓಡಾಟ ಶುರುವಾದದ್ದು 2016ರಲ್ಲಿ. ಮೊದಲ ಹಂತದ ಸುಮಾರು 42 ಕಿಲೋಮೀಟರುಗಳಲ್ಲಿ ನೆಲದಡಿಯದು 9 ಕಿಲೋಮೀಟರಿಗೂ ಕಡಿಮೆ. ಆದುದರಿಂದ ‘ಮೆಟ್ರೊ’ ಎಂಬುದು ನಗರದೊಳಗಿನ ಒಂದು ಸಂಚಾರ ವ್ಯವಸ್ಥೆಯ ಹೆಸರೇ ಹೊರತು ಅದು ಓಡುವ ಎಡೆಯ ಹೆಸರಲ್ಲ.

‘ಭೂಗತ’ವನ್ನು ಸಂಸ್ಕೃತದ ಬಿಡಿ ಅರ್ಥದಲ್ಲಿ ನೋಡಿದರೆ ದೋಷವಿಲ್ಲ. ಆದರೆ ಪದವು ನಿಘಂಟಿನಲ್ಲಿ ಮಾತ್ರ ಬದುಕುವುದಿಲ್ಲ. ಕನ್ನಡ ಪತ್ರಿಕೆಗಳು ದಶಕಗಳಿಂದ ‘ಭೂಗತ ಲೋಕ’, ‘ಭೂಗತ ಪಾತಕಿ’, ‘ಆರೋಪಿ ಭೂಗತನಾಗಿದ್ದಾನೆ’ ಎಂದು ಬರೆದು ಆ ಪದಕ್ಕೆ ತಲೆಮರೆಸಿಕೊಳ್ಳುವಿಕೆಯ ನೆರಳನ್ನು ಗಟ್ಟಿಯಾಗಿ ಅಂಟಿಸಿಬಿಟ್ಟಿವೆ. ದಿನವೂ ಲಕ್ಷಾಂತರ ಜನ ಹತ್ತಿಳಿಯುವ ಬಂಡಿಗೆ ಆ ನೆರಳು ಬೇಡ. ಬಂಗಾಳಿಗರು ಕೋಲ್ಕತ್ತದಲ್ಲಿ 1984ರಲ್ಲಿ ಆರಂಭವಾದ ಮಾರ್ಗವನ್ನು ‘ಪಾತಾಲ್ ರೇಲ್’ ಎಂದು ಕರೆದು ಒಪ್ಪಿಕೊಂಡರು. ಆ ಹೆಸರಿನ ಸೊಗಸು ನನಗೆ ಮೆಚ್ಚುಗೆಯೇ; ಆದರೆ ಕನ್ನಡದಲ್ಲಿ ‘ಪಾತಾಳಕ್ಕೆ ಇಳಿಯಿತು’ ಎಂದೊಡನೆ ಬೆಲೆಯ ಕುಸಿತವೋ ಅಂತರ್ಜಲದ ಬತ್ತುವಿಕೆಯೋ ನೆನಪಾಗುವುದರಿಂದ ಅದು ಇಲ್ಲಿ ಬೇರೂರುವುದು ಕಷ್ಟ.

‘ಸುರಂಗ’ದ ವಿಚಾರ ಹೆಚ್ಚು ಸ್ವಾರಸ್ಯಕರ. ಸಂಸ್ಕೃತದ ‘ಸುರುಂಗಾ’ ಎಂಬುದು ಕೊಳವೆ, ಕೊಳಲು ಎಂಬ ಅರ್ಥದ ಗ್ರೀಕ್ ಪದ ‘ಸಿರಿಂಕ್ಸ್’ನಿಂದ ಬಂದುದೆಂದು ಹಲವು ವಿದ್ವಾಂಸರು ಹೇಳುತ್ತಾರೆ. ಲಂಡನ್ನಿಗರ ‘ಟ್ಯೂಬ್’ ಎಂಬ ಮಾತಿನ ಅರ್ಥವೂ ಕೊಳವೆಯೇ. ಆ ಹೆಸರು ಮೊದಲಿಗೆ ಸಲ್ಲುತ್ತಿದ್ದುದು 1890ರಿಂದ ಈಚೆಗೆ ಆಳದಲ್ಲಿ ದುಂಡಗೆ ಕೊರೆದ ವಿದ್ಯುತ್ ಮಾರ್ಗಗಳಿಗೆ ಮಾತ್ರ; 1863ರ ಮಾರ್ಗದ ಬಹುಭಾಗವನ್ನು ಬೀದಿಯನ್ನು ಮೇಲಿನಿಂದ ಅಗೆದು, ಕಮಾನು ಕಟ್ಟಿ, ಮತ್ತೆ ಮುಚ್ಚಿ ಮಾಡಲಾಗಿತ್ತು. ನಮ್ಮಲ್ಲಿಯೂ ‘ಸುರಂಗ’ ಬರಿಯ ಪುಸ್ತಕದ ಪದವಲ್ಲ. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಕೃಷಿಕರು ಮುರಕಲ್ಲಿನ ಗುಡ್ಡಕ್ಕೆ ಅಡ್ಡವಾಗಿ ಕೊರೆದು ನೀರು ಹರಿಸಿಕೊಳ್ಳುವ ಬಿಲಕ್ಕೆ ‘ಸುರಂಗ’ ಎನ್ನುತ್ತಾರೆ, ಬೀದರಿನ ಬಹಮನಿ ಕಾಲದ ನೆಲದಡಿಯ ನೀರ್ದಾರಿಗೆ ‘ಸುರಂಗ ಬಾವಿ’ ಎಂಬ ಹೆಸರಿದೆ. ಆದುದರಿಂದ ಕೊರೆದ ದಾರಿಗೆ ‘ಸುರಂಗ ಮಾರ್ಗ’ ಎಂಬುದು ಸರಿಯಾದ ಪದ. ‘ಸುರಂಗ ರೈಲು’ ಎಂದು ಇಡೀ ವ್ಯವಸ್ಥೆಯನ್ನು ಕರೆದರೆ ಮಾತ್ರ ಅರ್ಥ ತಪ್ಪುತ್ತದೆ, ಏಕೆಂದರೆ ಲಂಡನ್ನಿನ ಜಾಲದಲ್ಲಿಯೇ ಅರ್ಧಕ್ಕಿಂತ ಹೆಚ್ಚು ಭಾಗ ನೆಲದ ಮೇಲಿದೆ.

‘ಸಬ್‌ವೇ’ ಬಗೆಗೂ ಎಚ್ಚರ ಬೇಕು. ನ್ಯೂಯಾರ್ಕಿನಲ್ಲಿ ಅದು ರೈಲು, ಲಂಡನ್ನಿನಲ್ಲಿಯೂ ಬೆಂಗಳೂರಿನಲ್ಲಿಯೂ ರಸ್ತೆಯಡಿಯ ಕಾಲ್ದಾರಿ. ಅಮೆರಿಕದ ಕಥೆಯನ್ನು ಅನುವಾದಿಸುವವರು ‘ಸಬ್‌ವೇಯಲ್ಲಿ ಮನೆಗೆ ಹೋದಳು’ ಎಂದು ಹಾಗೆಯೇ ಇಟ್ಟರೆ ಮೆಜೆಸ್ಟಿಕ್ಕಿನಲ್ಲಿ ಓಡಾಡುವ ಓದುಗರು ಅವಳು ನಡೆದು ಹೋದಳೆಂದೇ ತಿಳಿಯುತ್ತಾರೆ.

ನನ್ನ ಸಲಹೆ ಇಷ್ಟು: ವ್ಯವಸ್ಥೆಗೆ ‘ಮೆಟ್ರೊ’, ಅಥವಾ ಲಂಡನ್ನಿನಂತಹ ಕಡೆ ಅಲ್ಲಿನ ಅಂಕಿತನಾಮ, ಕೊರೆದ ದಾರಿಗೆ ‘ಸುರಂಗ ಮಾರ್ಗ’, ಎಲ್ಲಿ ಓಡುತ್ತದೆಂದು ಹೇಳಬೇಕಾದಾಗ ‘ನೆಲದಡಿಯ ರೈಲು’, ‘ನೆಲದಡಿಯ ನಿಲ್ದಾಣ’. ‘ನೆಲಮಾಳಿಗೆ’ಯನ್ನು ಬಲ್ಲ ಕನ್ನಡಿಗರಿಗೆ ಇದು ವಿವರಣೆಯಿಲ್ಲದೆ ತಿಳಿಯುತ್ತದೆ. ಉಳಿದಿರುವ ತೊಡಕು ಒಂದೇ. ಕೊರೆಯದೆ, ಮೇಲಿನಿಂದ ಅಗೆದು ಮುಚ್ಚಿದ ದಾರಿಯನ್ನೂ ‘ಸುರಂಗ’ ಎನ್ನಬಹುದೇ? ಸುರಂಗ ತೋಡುವವರ ಆಡುಮಾತಿನಲ್ಲಿ ಅದಕ್ಕೆ ಬೇರೆ ಹೆಸರಿದ್ದರೆ ಆ ಸೀಮೆಯವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.