ಚೇಣಿಗೆ ಬ್ಯಾರಿ ಪಾಲುದಾರರು: ಅವರ ಧರ್ಮದ ಬಗ್ಗೆ ಏನೇನು ತಿಳಿದಿರಬೇಕು?

ಕೇಳಿದವರು: ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ

ನಮ್ಮದು ಸಣ್ಣ ತೋಟ. ಈ ಸಲ ಅಕ್ಕಪಕ್ಕದ ತೋಟಗಳನ್ನು ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಹಿಡಿಯೋಣ ಅಂತ ಒಂದು ಬ್ಯಾರಿ (ಕರಾವಳಿ ಮೂಲದ ಮುಸ್ಲಿಂ) ಮನೆಯವರ ಜೊತೆ ಪಾಲು ಮಾಡಿಕೊಂಡಿದ್ದೇನೆ. ವ್ಯವಹಾರದಲ್ಲಿ ಒಳ್ಳೆ ಹೆಸರಿರುವ ಜನ. ಮೊದಲ ಮಾತುಕತೆಯಲ್ಲೇ ಎರಡು ವಿಷಯ ಖಡಾಖಂಡಿತ ಹೇಳಿದರು. ಬಡ್ಡಿ ಸಾಲ ಬೇಡ, ಎಲ್ಲವೂ ಬರವಣಿಗೆಯಲ್ಲಿರಲಿ. ಯಾಕೆ ಅಂದರೆ "ನಮ್ಮ ದೀನ್‌ನಲ್ಲಿ (ಧರ್ಮದಲ್ಲಿ) ಹಾಗಿದೆ" ಅಂದರು. ಸುಗ್ಗಿ ಶುರುವಾದರೆ ಬೆಳಗಿನಿಂದ ರಾತ್ರಿವರೆಗೆ ಒಟ್ಟಿಗೇ ಇರಬೇಕು. ಅವರ ನಂಬಿಕೆ, ಆಚರಣೆ, ನಡೆನುಡಿ ಬಗ್ಗೆ ನನಗೆ ಗೊತ್ತಿರೋದು ಬರೀ ಬಿರಿಯಾನಿ ಮತ್ತು ಬಕ್ರೀದ್. ಹತ್ತಿರದಿಂದ ಬಲ್ಲವರು ಹೇಳಿ. ಜಗಳದ ವಿಷಯ ಬೇಡ ದಯವಿಟ್ಟು.

ಸಾಗರ, ಬಟ್ಟೆ ಅಂಗಡಿ

ನಾನು ಮುಸ್ಲಿಂ, ಹಾಗಾಗಿ ಬುಡದಿಂದ ಹೇಳ್ತೇನೆ. ದೇವರು ಒಬ್ಬನೇ, ಮುಹಮ್ಮದರು ಅವನ ಪ್ರವಾದಿ. ಇದು ಕಲಿಮ, ಎಲ್ಲಕ್ಕೂ ಮೊದಲು ಬರುವುದು. ಪ್ರವಾದಿಯನ್ನು ನಾವು ಪೂಜಿಸೋದಿಲ್ಲ. ಅವರೂ ಮನುಷ್ಯರೇ, ದೇವರ ಸಂದೇಶ ತಂದವರು. ಅವರ ಚಿತ್ರ ಇಟ್ಟುಕೊಳ್ಳುವ ಪದ್ಧತಿಯೂ ನಮ್ಮಲ್ಲಿಲ್ಲ. ಹಬ್ಬಕ್ಕೆ ಶುಭಾಶಯ ಕಳಿಸುವಾಗ ಇದೊಂದು ನೆನಪಿರಲಿ, ಕೆಲವರು ಗೊತ್ತಿಲ್ಲದೆ ಏನೇನೋ ಚಿತ್ರ ಕಳಿಸಿಬಿಡ್ತಾರೆ.

ಪ್ರವಾದಿಯವರು ಮಕ್ಕಾದಲ್ಲಿ ಸುಮಾರು 570ರಲ್ಲಿ ಹುಟ್ಟಿದರು, 622ರಲ್ಲಿ ಮದೀನಾಕ್ಕೆ ಹೋದರು, 632ರಲ್ಲಿ ತೀರಿಕೊಂಡರು. ಸುಮಾರು 23 ವರ್ಷಗಳಲ್ಲಿ ಅವರಿಗೆ ಇಳಿದುಬಂದದ್ದೇ 114 ಅಧ್ಯಾಯಗಳ ಕುರ್‌ಆನ್. ಅವರಿಗಿಂತ ಮೊದಲು ಬಂದ ಇಬ್ರಾಹಿಂ, ಮೂಸಾ, ಈಸಾ ಇವರನ್ನೂ ಪ್ರವಾದಿಗಳು ಅಂತಲೇ ನಂಬುತ್ತೇವೆ. ಈಸಾ ಅಂದರೆ ಕ್ರೈಸ್ತರ ಯೇಸು. ಮಲಕ್‌ಗಳು, ಅಂದರೆ ದೇವದೂತರು, ದೇವರ ಗ್ರಂಥಗಳು, ವಿಧಿ, ಕಡೆಯ ದಿನದ ವಿಚಾರಣೆ, ಇವೂ ನಂಬಿಕೆಯ ಭಾಗ.

ನಿಮ್ಮ ಪಾಲುದಾರರನ್ನು ಅರ್ಥ ಮಾಡಿಕೊಳ್ಳೋಕೆ ಈ ಕೊನೆಯದು ಮುಖ್ಯ. ಸತ್ತ ಮೇಲೆ ಪೈಸೆ ಪೈಸೆಗೂ ಲೆಕ್ಕ ಕೊಡಬೇಕು ಅಂತ ನಂಬಿದವರು ಅವರು. ಅದರಲ್ಲೂ ಮನುಷ್ಯರಿಗೆ ಕೊಡಬೇಕಾದ್ದನ್ನು ದೇವರೇ ಮನ್ನಾ ಮಾಡಿಬಿಡೋದಿಲ್ಲ. ಆ ಮನುಷ್ಯನ ಹತ್ತಿರವೇ ತೀರಿಸಿಕೊಳ್ಳಬೇಕು. ಹಾಗಾಗಿ ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಆಸ್ತಿ ಹಂಚುವ ಮೊದಲು ಸಾಲ ತೀರಿಸಬೇಕು. ಜನಾಝಾ ನಮಾಜಿನ ಹೊತ್ತಿಗೇ "ಇವರಿಂದ ಯಾರಿಗಾದರೂ ಬರಬೇಕಾದ್ದಿದ್ದರೆ ಹೇಳಿ" ಅಂತ ಮನೆಯವರು ಕೇಳುವುದುಂಟು.

ಮಾಡಬೇಕಾದ್ದು ಐದು: ಕಲಿಮ, ನಮಾಜು, ರೋಜಾ ಅಂದರೆ ಉಪವಾಸ, ಝಕಾತ್ ಅಂದರೆ ಕಡ್ಡಾಯ ದಾನ, ಶಕ್ತಿ ಇದ್ದವರಿಗೆ ಜೀವನದಲ್ಲಿ ಒಮ್ಮೆ ಹಜ್ ಅಂದರೆ ಮಕ್ಕಾ ಯಾತ್ರೆ. ಉಳಿದದ್ದು ಬೇರೆಯವರು ಹೇಳಲಿ, ಗಿರಾಕಿ ಬಂದರು.

ಕೊಪ್ಪ, ಹಳೇ ಚೇಣಿದಾರ

ನಾನು ಹಿಂದೂ. ಚೇಣಿ ವ್ಯವಹಾರ ಬಹಳ ಕಾಲದಿಂದ ಬ್ಯಾರಿಗಳ ಜೊತೆಗೇ ಮಾಡಿದ್ದೇನೆ. ವ್ಯಾಪಾರದ ವಿಷಯ ನಾನು ಹೇಳ್ತೇನೆ, ಯಾಕೆಂದರೆ ನಿಮಗೆ ದಿನಾ ಎದುರಾಗೋದು ಅದೇ.

ಬರವಣಿಗೆ ಕೇಳಿದ್ದಕ್ಕೆ ನಿಮ್ಮ ಮೇಲೆ ಅನುಮಾನ ಅಂದುಕೊಳ್ಳಬೇಡಿ. ಕುರ್‌ಆನಿನಲ್ಲಿ ಎಲ್ಲಕ್ಕಿಂತ ಉದ್ದದ ವಾಕ್ಯ ಇರೋದೇ ಸಾಲದ ಬಗ್ಗೆ. ಎರಡನೇ ಅಧ್ಯಾಯದ 282ನೆಯದು. ಅವಧಿ ಇಟ್ಟು ಸಾಲ ಮಾಡಿದರೆ ಬರೆದಿಡಿ, ಸಾಕ್ಷಿ ಇಟ್ಟುಕೊಳ್ಳಿ, ಮೊತ್ತ ಸಣ್ಣದು ಅಂತ ಬೇಸರ ಪಡಬೇಡಿ ಅಂತ ಅದರಲ್ಲಿದೆ. ನಮ್ಮ ಕಡೆ "ಬಾಯಿಮಾತು ಸಾಕು ಬಿಡಿ" ಅನ್ನೋದು ದೊಡ್ಡಸ್ತಿಕೆ. ಆಮೇಲೆ ಪಂಚಾಯ್ತಿ ಕಟ್ಟೆ ಹತ್ತೋದೂ ನಾವೇ.

ಬಡ್ಡಿ ಕೊಡೋದೂ ಬೇಡ, ತಗೊಳ್ಳೋದೂ ಬೇಡ ಅನ್ನೋದು ಅವರ ನಿಯಮ. ಪಾಲುದಾರಿಕೆಗೆ ಅಡ್ಡಿ ಇಲ್ಲ. ಪ್ರವಾದಿಯವರೇ ಖದೀಜಾ ಅವರ ಬಂಡವಾಳದಲ್ಲಿ ವ್ಯಾಪಾರ ಮಾಡಿದವರು. ಆದರೆ ಕರಾರು ಬರೆಯುವಾಗ ಎರಡು ಗಮನಿಸಿ. ಲಾಭ ಇಷ್ಟು ಭಾಗ ಅಂತ ಬರೆಯಬಹುದು, "ಏನೇ ಆಗಲಿ ಇಷ್ಟು ರೂಪಾಯಿ ಖಾತ್ರಿ" ಅಂತ ಒಬ್ಬರ ಹೆಸರಿಗೆ ಬರೆದರೆ ಅವರು ಒಪ್ಪೋದಿಲ್ಲ. ಬಂಡವಾಳದ ನಷ್ಟ ಬಂದರೆ ಯಾರು ಎಷ್ಟು ಹಾಕಿದ್ದಾರೋ ಅದೇ ಲೆಕ್ಕದಲ್ಲಿ ಹೊರಬೇಕು. ನೀವು ಮಂಡಿಯಿಂದ ಬಡ್ಡಿಗೆ ಮುಂಗಡ ತರೋದಾದರೆ ಮೊದಲೇ ಹೇಳಿಬಿಡಿ. ಗುಟ್ಟಾಗಿ ತಂದು ಜಂಟಿ ಖಾತೆಗೆ ಹಾಕಿದರೆ ಸಂಬಂಧವೇ ಹೋಗುತ್ತೆ.

ಇನ್ನೊಂದು ನಮಗೆ ನೇರ ತಟ್ಟುವ ಮಾತು. ಫಲ ಬಲಿಯುವ ಲಕ್ಷಣ ಕಾಣುವ ಮೊದಲು ಮರದ ಮೇಲಿನ ಹಣ್ಣನ್ನು ಮಾರಬೇಡಿ ಅಂತ ಹದೀಸಿನಲ್ಲಿದೆ, ಅಂದರೆ ಪ್ರವಾದಿಯವರ ನಡೆನುಡಿಯ ವರದಿಗಳಲ್ಲಿ. ದೇವರು ಆ ಫಲವನ್ನೇ ತಡೆದರೆ ನೀನು ಯಾವ ಲೆಕ್ಕದಲ್ಲಿ ಸೋದರನ ದುಡ್ಡು ತಗೊಳ್ತೀಯ ಅನ್ನೋದು ಅದಕ್ಕೆ ಕೊಟ್ಟ ಕಾರಣ. ಅಲ್ಲಿ ಹೇಳಿದ್ದು ಖರ್ಜೂರದ ತೋಟಕ್ಕೆ. ಆದರೆ ಕೊಳೆ ರೋಗ ಕಂಡ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಮಳೆಗಾಲದ ಮಧ್ಯದಲ್ಲಿ ಹರಳು, ಅಂದರೆ ಎಳೆ ಅಡಿಕೆ, ಉದುರಿ ಬುಡ ತುಂಬಿದ ತೋಟಕ್ಕೆ ಮುಂಗಡ ಕೊಟ್ಟವನ ಗತಿ ನೆನೆಸಿಕೊಳ್ಳಿ. ಹಾಗಾಗಿ ಧರ್ಮ ನೋಡಿ ನಡೆಯುವ ಚೇಣಿದಾರರು ಇಡೀ ತೋಟಕ್ಕೆ ಮೊದಲೇ ಒಂದು ಮೊತ್ತ ಕಟ್ಟೋದಕ್ಕಿಂತ, ಅಡಿಕೆ ಗೊನೆ ಇಳಿಸಿದ ಮೇಲೆ ತೂಕದ ಮೇಲೆ ಲೆಕ್ಕ ಅನ್ನೋದನ್ನೇ ಇಷ್ಟಪಡ್ತಾರೆ. ನಿಮಗೂ ಅದೇ ಕ್ಷೇಮ.

ತೂಕದಲ್ಲಿ ಮೋಸ ಮಾಡುವವರಿಗೆ ಕೇಡು ಅಂತಲೇ ಕುರ್‌ಆನಿನ 83ನೇ ಅಧ್ಯಾಯ ಶುರುವಾಗುತ್ತೆ. ಪ್ರವಾದಿಯವರು ಸಂತೆಯಲ್ಲಿ ಧಾನ್ಯದ ರಾಶಿಗೆ ಕೈ ಹಾಕಿದಾಗ ಒಳಗೆ ಒದ್ದೆ ಸಿಕ್ಕಿತಂತೆ. ಮಳೆ ಬಿತ್ತು ಅಂದ ವ್ಯಾಪಾರಿ. ಹಾಗಾದರೆ ಒದ್ದೆಯನ್ನು ಜನಕ್ಕೆ ಕಾಣುವ ಹಾಗೆ ಮೇಲಿಡಬೇಕಿತ್ತು, ಮೋಸ ಮಾಡುವವನು ನಮ್ಮವನಲ್ಲ ಅಂದರಂತೆ. ಚೀಲದ ತಳಕ್ಕೆ ಸರಿಯಾಗಿ ಒಣಗದ ರಾಶಿ ಅಡಿಕೆ ತುರುಕುವ ಅಭ್ಯಾಸ ಯಾರಿಗಾದರೂ ಇದ್ದರೆ ಈಗಲೇ ಬಿಡಲಿ.

ಮರ ಹತ್ತಿ ಗೊನೆ ಇಳಿಸುವ ಕೊನೆಗಾರರ, ಸುಲಿಯುವವರ ಕೂಲಿ ತಡ ಮಾಡಬೇಡಿ. ಬೆವರು ಆರುವ ಮೊದಲೇ ಕೂಲಿ ಕೊಡಿ ಅನ್ನೋ ಮಾತಿದೆ. ಹಾಂ, ಕೆಲಸದವರ ಎಣ್ಣೆ ದುಡ್ಡನ್ನು ಜಂಟಿ ಖರ್ಚಿಗೆ ಬರೆಯಬೇಡಿ. ಮದ್ಯ ಅವರಿಗೆ ನಿಷಿದ್ಧ, ಅದಕ್ಕೆ ದುಡ್ಡು ಕೊಡೋದೂ ಅಷ್ಟೇ.

ಶಿವಮೊಗ್ಗ

ಓದೋಕೆ ಚೆನ್ನಾಗಿದೆ. ನನಗೆ ಒಬ್ಬ ಪಾಲುದಾರ ಐದು ಹೊತ್ತು ನಮಾಜು ಮಾಡ್ತಲೇ ಲೆಕ್ಕದಲ್ಲಿ ಟೋಪಿ ಹಾಕಿದ. ಇದಕ್ಕೇನಂತೀರಿ?

ಸಾಗರ, ಬಟ್ಟೆ ಅಂಗಡಿ

ಮೋಸ ಅಂತೀನಿ, ಬೇರೇನು? ನಮಾಜು ಕೆಟ್ಟದ್ದರಿಂದ ತಡೆಯುತ್ತೆ ಅಂತ ಕುರ್‌ಆನೇ ಹೇಳುತ್ತೆ. ತಡೆಯಲಿಲ್ಲ ಅಂದರೆ ಅವನ ನಮಾಜಿನಲ್ಲೇ ಏನೋ ಕೊರತೆ ಇದೆ. ಅದಕ್ಕೇ ಮೇಲಿನವರು ಹೇಳಿದ್ದು, ಬರೆದಿಟ್ಟುಕೊಳ್ಳಿ ಅಂತ. ಟೋಪಿ, ಗಡ್ಡ ನೋಡಿ ವ್ಯವಹಾರ ಮಾಡಬೇಡಿ, ನಾಮ ನೋಡಿಯೂ ಮಾಡಬೇಡಿ.

ತೀರ್ಥಹಳ್ಳಿ, ಗೃಹಿಣಿ

ಅಣ್ಣಾ, ದಿನಚರಿ ನಾನು ಹೇಳ್ತೀನಿ. ನಮ್ಮ ಮನೆ ಮಾತು ಉರ್ದು, ಬ್ಯಾರಿಗಳದ್ದು ಬ್ಯಾರಿ ಭಾಷೆ. ನಾವು ಹನಫಿ, ಅವರು ಶಾಫಿ, ಇವು ಧರ್ಮದ ವಿಧಿಗಳನ್ನು ಅನುಸರಿಸುವ ಎರಡು ಪಂಥ. ನಂಬಿಕೆ ಒಂದೇ, ಸಣ್ಣಪುಟ್ಟ ವಿಧಾನದಲ್ಲಿ ವ್ಯತ್ಯಾಸ. ಸಂಜೆಯ ಅಸರ್ ನಮಾಜಿಗೆ ಅವರ ಹೊತ್ತು ನಮಗಿಂತ ಬೇಗ ಆಗುತ್ತೆ. ನಮ್ಮ ಮನೆಯಲ್ಲಿ ಏಡಿ ತಿನ್ನೋದಿಲ್ಲ. ಮಳೆಗಾಲದಲ್ಲಿ ಪಕ್ಕದ ಮನೆಯವರು ಗದ್ದೆ ಏಡಿ ಸಾರು ಮಾಡಿದಾಗ ನನ್ನ ಮಕ್ಕಳಿಗೆ ಅದೊಂದು ದುಃಖ!

ನಮಾಜು ದಿನಕ್ಕೆ ಐದು ಹೊತ್ತು: ಬೆಳಕು ಹರಿಯುವ ಮೊದಲು, ಮಧ್ಯಾಹ್ನ, ಸಂಜೆ ಮುಂಚೆ, ಸೂರ್ಯ ಮುಳುಗಿದ ಕೂಡಲೆ, ರಾತ್ರಿ. ಕೆಲಸದ ಮಧ್ಯೆ ಬರೋದು ಎರಡು ಮೂರು, ಒಂದೊಂದಕ್ಕೆ ಹತ್ತು ನಿಮಿಷ ಸಾಕು. ಮೊದಲು ವುಝೂ ಮಾಡಬೇಕು. ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು ತೊಳೆದು, ತಲೆ ಸವರಿ, ಕಾಲು ತೊಳೆಯೋದು. ಅಡಿಕೆಯ ಚೊಗರು ಮೆತ್ತಿದ ಕೈ ತೊಳೆಯೋಕೆ ಒಂದು ಬಕೆಟ್ ನೀರು, ಅಂಗಳದ ಮೂಲೆಯಲ್ಲಿ ಒಂದು ಚಾಪೆಯ ಜಾಗ, ಇಷ್ಟು ಕೊಟ್ಟರೆ ಅವರು ನಿಮ್ಮನ್ನು ಮರೆಯೋದಿಲ್ಲ. ಮಕ್ಕಾದಲ್ಲಿರುವ ಕಾಬಾದ ಕಡೆ ಮುಖ ಮಾಡಬೇಕು. ನಮ್ಮ ಊರಿಂದ ಅದು ಪಶ್ಚಿಮಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿದ ಹಾಗೆ. ನಮಾಜು ಮಾಡ್ತಿರುವವರ ಎದುರಿಂದ ಹಾದುಹೋಗಬೇಡಿ, ಅಷ್ಟೇ.

ಊಟದ ವಿಷಯ. ಸಸ್ಯಾಹಾರ ಎಲ್ಲಿಯದಾದರೂ ಸರಿ. ಮಾಂಸ ಹಲಾಲ್ ಆಗಿರಬೇಕು, ಹಂದಿ ಇಲ್ಲವೇ ಇಲ್ಲ. ಪ್ರಸಾದ ಕೆಲವರು ತಗೊಳ್ತಾರೆ, ಕೆಲವರು ತಗೊಳ್ಳೋದಿಲ್ಲ. ಕೈಯಲ್ಲಿಟ್ಟು ನೋಡಬೇಡಿ, ಒಮ್ಮೆ ಕೇಳಿಬಿಡಿ. ಬೇಡ ಅಂದರೆ ನಿಮಗೆ ಅವಮಾನ ಮಾಡಿದ್ದಲ್ಲ.

ನಡೆನುಡಿ ಅಂತ ಕೇಳಿದಿರಲ್ಲ. ಚಿಕ್ಕಂದಿನಲ್ಲಿ ಮದರಸಾದಲ್ಲಿ ನಮಗೆ ಜಾಸ್ತಿ ಹೇಳಿಕೊಟ್ಟದ್ದು ತಂದೆತಾಯಿ ಮತ್ತು ನೆರೆಮನೆಯವರ ಬಗ್ಗೆ. ತಂದೆತಾಯಿಗೆ "ಛೀ" ಅಂತ ಕೂಡ ಅನ್ನಬಾರದು. ದೇವದೂತ ಜಿಬ್ರೀಲರು ನೆರೆಯವರ ಬಗ್ಗೆ ಎಷ್ಟು ಒತ್ತಿ ಹೇಳುತ್ತಿದ್ದರೆಂದರೆ, ಆಸ್ತಿಯಲ್ಲೂ ಪಾಲು ಕೊಡಿಸಿಬಿಡ್ತಾರೇನೋ ಅನ್ನಿಸಿತು ಅಂತ ಪ್ರವಾದಿಯವರು ಹೇಳಿದ್ದಾರೆ. ಬೆನ್ನ ಹಿಂದೆ ಆಡಿಕೊಳ್ಳೋದು ಸತ್ತ ಅಣ್ಣನ ಮಾಂಸ ತಿಂದ ಹಾಗೆ ಅಂತ ಕುರ್‌ಆನಿನಲ್ಲಿದೆ. ಅದನ್ನು ಎಷ್ಟು ಜನ ಪಾಲಿಸ್ತಾರೆ ಅಂತ ನನ್ನ ನಾದಿನಿಯರನ್ನು ಕೇಳಬೇಡಿ.

ಹೊಸನಗರ, ಶಿಕ್ಷಕಿ

ಉಪವಾಸದ ತಿಂಗಳು ರಂಜಾನ್ ಬಗ್ಗೆ ಯಾರೂ ಹೇಳಲಿಲ್ಲ. ಚಂದ್ರಮಾನ ಆದ್ದರಿಂದ ಪ್ರತಿ ವರ್ಷ 10-11 ದಿನ ಬೇಗ ಬರುತ್ತೆ. 2015ರ ಆಸುಪಾಸಿನಲ್ಲಿ ಜೂನ್-ಜುಲೈನ ಜಡಿಮಳೆಯಲ್ಲಿ ಬಂದಿತ್ತು. ಆಗುಂಬೆ ಕಡೆ ಮೋಡ ಬಿಟ್ಟು ಚಂದ್ರ ಕಾಣೋದುಂಟಾ? ಬೇರೆ ಊರಲ್ಲಿ ಕಂಡ ಸುದ್ದಿಗೆ ಮಕ್ಕಳು ಫೋನ್ ಹಿಡಿದು ಕಾಯ್ತಿದ್ದರು. ಕಾಣದಿದ್ದರೆ 30 ದಿನ ಪೂರ್ತಿ ಮಾಡೋದು. 2026ರಲ್ಲಿ ಫೆಬ್ರವರಿ-ಮಾರ್ಚ್‌ಗೆ ಬಂತು. ಹೀಗೇ ಹಿಂದೆ ಸರಿಯುತ್ತಾ ಕೆಲವು ವರ್ಷಗಳಲ್ಲಿ ನಿಮ್ಮ ಸುಗ್ಗಿಯೊಳಗೇ ಬರುತ್ತೆ.

ಬೆಳಗಿನ ಜಾವದಿಂದ ಸೂರ್ಯ ಮುಳುಗುವವರೆಗೆ ನೀರೂ ಇಲ್ಲ. ರೋಗಿಗಳು, ಪ್ರಯಾಣದಲ್ಲಿರುವವರು, ಗರ್ಭಿಣಿ, ಬಾಣಂತಿಯರಿಗೆ ವಿನಾಯಿತಿ ಇದೆ. ಸಣ್ಣ ಮಕ್ಕಳಿಗೆ ಕಡ್ಡಾಯ ಅಲ್ಲ. ಹಸಿದಿರೋದಷ್ಟೇ ಉಪವಾಸ ಅಲ್ಲ, ಸುಳ್ಳು, ಬೈಗುಳ ಕೂಡ ಬಿಡಬೇಕು. ಎದುರಿಗೆ ಕಾಫಿ ಕುಡಿದರೆ ಅವರೇನೂ ಅಂದುಕೊಳ್ಳೋದಿಲ್ಲ. ಸಂಜೆ ಉಪವಾಸ ಬಿಡುವ ಇಫ್ತಾರ್ ಹೊತ್ತಿಗೆ ಮಾತ್ರ ಲೆಕ್ಕ ಚುಕ್ತಾ, ಲಾರಿ ಲೋಡು ಅಂತ ಹಿಡಿದು ಕೂರಿಸಬೇಡಿ.

ಕೊಪ್ಪ, ಹಳೇ ಚೇಣಿದಾರ

ಝಕಾತ್ ಬಿಟ್ಟುಹೋಯ್ತು. ನಿಗದಿತ ಮಟ್ಟಕ್ಕಿಂತ ಹೆಚ್ಚು ಸಂಪತ್ತು ಒಂದು ಚಂದ್ರಮಾನ ವರ್ಷ ಕೈಯಲ್ಲಿ ಉಳಿದರೆ ಶೇಕಡಾ 2.5 ಕೊಡಬೇಕು. ಆ ಮಟ್ಟವನ್ನು ಸುಮಾರು 85 ಗ್ರಾಂ ಚಿನ್ನ ಅಂತ ಲೆಕ್ಕ ಹಾಕ್ತಾರೆ. ವ್ಯಾಪಾರದ ದಾಸ್ತಾನೂ ಇದಕ್ಕೆ ಸೇರುತ್ತೆ. ಹಾಗಾಗಿ ವರ್ಷಕ್ಕೊಮ್ಮೆ "ಗೋದಾಮಿನಲ್ಲಿ ನನ್ನ ಪಾಲು ಎಷ್ಟು, ಇವತ್ತಿನ ಧಾರಣೆ ಎಷ್ಟು" ಅಂತ ಕೂತು ಕೇಳ್ತಾರೆ. ಪಾಲು ಮುರಿಯೋಕೆ ಹೊರಟರು ಅಂತ ಗಾಬರಿಯಾಗಬೇಡಿ. ನಿಮ್ಮ ಪಾಲಿಗೆ ಅದು ಬರೋದಿಲ್ಲ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಇನ್ನೆರಡು ಕೇಳಿಬಿಡ್ತೇನೆ. ಸುಗ್ಗಿಗೆ ಮೊದಲು ನಾವು ಹಣಗೆರೆಕಟ್ಟೆಗೆ ಹೋಗಿ ಬರ್ತೇವೆ. ಅಲ್ಲಿ ಭೂತರಾಯ, ಚೌಡೇಶ್ವರಿ, ದರ್ಗಾ ಎಲ್ಲ ಒಂದೇ ಸೂರಿನಡಿ ಇದೆಯಲ್ಲ, ಅವರನ್ನೂ ಕರೆಯಲಾ? ಮತ್ತೆ ಈ ಶುಕ್ರವಾರ ಮಧ್ಯಾಹ್ನ ಕರಾರು ಬರೆಸೋಣ ಅಂತಿದ್ದೇನೆ.

ತೀರ್ಥಹಳ್ಳಿ, ಗೃಹಿಣಿ

ಹಣಗೆರೆಗೆ ನಮ್ಮ ಅಮ್ಮ ಹರಕೆ ಹೊತ್ತು ಹೋಗ್ತಿದ್ದರು. ನನ್ನ ತಮ್ಮ ದರ್ಗಾಕ್ಕೇ ಹೋಗೋದಿಲ್ಲ, ದೇವರನ್ನು ಬಿಟ್ಟು ಬೇರೆ ಯಾರ ಹತ್ತಿರವೂ ಬೇಡಬಾರದು ಅಂತಾನೆ. ಒಂದೇ ಮನೆಯಲ್ಲಿ ಹೀಗೆ. ಹಾಗಾಗಿ ಕರೆಯಿರಿ, ಒತ್ತಾಯ ಬೇಡ. ಶುಕ್ರವಾರ ಮಧ್ಯಾಹ್ನ ಮಾತ್ರ ಬೇಡವೇ ಬೇಡ ಅಣ್ಣಾ, ಜುಮಾ, ಅಂದರೆ ವಾರದ ಸಾಮೂಹಿಕ ನಮಾಜು, ಇರುತ್ತೆ, ಮಸೀದಿಯಲ್ಲೇ ಸೇರಬೇಕು. ಮೂರು ಗಂಟೆ ಮೇಲೆ ಇಟ್ಟುಕೊಳ್ಳಿ, ಸಾಕ್ಷಿಗೆ ಇಬ್ಬರನ್ನೂ ಕರ್ಕೊಂಡು ಹೋಗಿ.