ರೇಟಿಂಗ್ ಕಳೆದುಕೊಂಡ ಬಳಿಕ ಪುನಶ್ಚೇತನ ತರಬೇತಿ: ಈಗಲೇ ಹೋಗಲೇ, ಮುಂದೂಡಲೇ?

ಕೇಳಿದವರು, ಸಾಂಬ್ರಾ: ನಾನು ವಿಮಾನ ಸಂಚಾರ ನಿಯಂತ್ರಕಿ. ಹೆರಿಗೆ ರಜೆಯಲ್ಲಿ ಬೆಳಗಾವಿಯ ತವರಿಗೆ ಬಂದಿದ್ದೇನೆ. ನಿಯಂತ್ರಣದ ಕನ್ಸೋಲ್ ಮುಂದೆ ಕೂರದೆ 6 ತಿಂಗಳು ದಾಟಿದ್ದರಿಂದ ರೇಟಿಂಗ್, ಅಂದರೆ ಈ ಕೆಲಸ ಮಾಡಲು ಬೇಕಾದ ಅರ್ಹತೆ, ಅಮಾನ್ಯವಾಗಿದೆ. ತರಬೇತಿಗೆ ಈಗಲೇ ಹೆಸರು ಕೊಡಲೇ, ಮಗುವಿಗೆ ವರ್ಷ ತುಂಬಲಿ ಎಂದು ಕಾಯಲೇ? ಅನುಭವವಿದ್ದವರು ತಿಳಿಸಿ.

ಟಿಳಕವಾಡಿಯಿಂದ: ನಾನು ಮುಂದೂಡಿ ಕೆಟ್ಟೆ. ಕಾಲು ಮುರಿದು 7 ತಿಂಗಳು ಮನೆಯಲ್ಲಿದ್ದೆ. ಬಂದ ಸರದಿಯನ್ನು ಬಿಟ್ಟುಕೊಟ್ಟಿದ್ದಕ್ಕೆ ಇನ್ನೂ 5 ತಿಂಗಳು ಕಾಯಬೇಕಾಯಿತು, ಅಷ್ಟೂ ದಿನ ಭತ್ಯೆ ನಿಂತಿತ್ತು. ಕೋಣೆಯ ಬಾಡಿಗೆಗೆ 9,500, ಮುಂಗಡ 5,000, ಎರಡು ಬಾರಿಯ ರೈಲಿನ ಖರ್ಚು ಬೇರೆ. ಆ ಮುಂಗಡ ಇಂದಿಗೂ ಮರಳಿಲ್ಲ. ಮೂರನೆಯ ದಿನ ಸಿಮ್ಯುಲೇಟರ್‌ನಲ್ಲಿ ಬೋಧಕರು ಏನೂ ಹೇಳದೆ ರೇಡಾರ್ ಪರದೆ ಆರಿಸಿದರು. ಎದುರಿಗೆ ಐದು ವಿಮಾನಗಳ ವಿವರ ಬರೆಯುವ ಕಾಗದದ ಪಟ್ಟಿಗಳಿದ್ದವು. ಒಂದೇ ಎತ್ತರದ ಎರಡು ವಿಮಾನಗಳ ನಡುವೆ 10 ನಿಮಿಷದ ಅಂತರ ಇರಬೇಕಾದಲ್ಲಿ 8 ನಿಮಿಷ ಬರೆದಿದ್ದೆ, ಅದನ್ನು ಹೊಡೆದು ತಿದ್ದುವಾಗ ಬೆವರಿದ ಬೆರಳಿಗೆ ಪಟ್ಟಿಯ ಶಾಯಿ ಹತ್ತಿತ್ತು. ಹದಿನಾಲ್ಕು ವರ್ಷ ಸೇವೆ ಮಾಡಿದವನ ಕೈಯಿಂದ ಆದ ತಪ್ಪು ಅದು.

ನವನಗರ, ಬಾಗಲಕೋಟೆಯಿಂದ: ನಾನು ರಜೆ ಮುಗಿದ ವಾರವೇ ಹೋದೆ, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಸಿಮ್ಯುಲೇಟರ್‌ನ ಭಯವನ್ನೇ ಇಷ್ಟು ದೊಡ್ಡದು ಮಾಡುವುದನ್ನು ಒಪ್ಪಲಾರೆ. ನನ್ನನ್ನು ತಿದ್ದಿದ್ದು ತರಬೇತಿಯ ನಂತರ ಹಿರಿಯರೊಬ್ಬರು ಪಕ್ಕದಲ್ಲಿ ಎರಡನೆಯ ಹೆಡ್‌ಸೆಟ್ ಹಾಕಿಕೊಂಡು ಕುಳಿತ ದಿನಗಳು. ನಾನು ಹೇಳಿದ ಎತ್ತರವನ್ನು ಪೈಲಟ್ ತಪ್ಪಾಗಿ ಮರುನುಡಿದಾಗ ಅದನ್ನು ಸರಿಯೆಂದೇ ಕೇಳಿಸಿಕೊಂಡಿದ್ದೆ. ಅವರು ನನ್ನ ಮಣಿಕಟ್ಟು ಹಿಡಿದರು.

ವಿಜಯಪುರದಿಂದ, ನಿವೃತ್ತ: ಮರುನುಡಿಯನ್ನು ಕಿವಿಗೊಟ್ಟು ಕೇಳುವುದನ್ನು ಕಲಿಸುವುದೇ ಪುನಶ್ಚೇತನ. 1996ರ ನವೆಂಬರ್ 12ರಂದು ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತದ್ದನ್ನು ಮರೆತಿರಾ?

ನವನಗರದಿಂದ: ಮರೆತಿಲ್ಲ, ಆದರೆ ಆ ಉದಾಹರಣೆ ಇಲ್ಲಿ ಹೊಂದುವುದಿಲ್ಲ. ಕಜಾಕ್ ವಿಮಾನಕ್ಕೆ 15,000 ಅಡಿ, ಸೌದಿ ವಿಮಾನಕ್ಕೆ 14,000 ಅಡಿ ಎಂದು ನಿಯಂತ್ರಕರು ಸರಿಯಾಗಿಯೇ ಹೇಳಿದ್ದರು. ಅನುಮತಿ ಮೀರಿ ಇಳಿದದ್ದು ಕಜಾಕ್ ವಿಮಾನ. ನಮ್ಮವರ ಮೇಲೆ ದೋಷ ಹೊರಿಸಬೇಡಿ.

ವಿಜಯಪುರದಿಂದ: ನಾನು ದೋಷ ಹೊರಿಸಲಿಲ್ಲ, ದಯವಿಟ್ಟು ಪೂರ್ತಿ ಓದಿ. ಆಗ ದೆಹಲಿಯಲ್ಲಿ ಪ್ರಾಥಮಿಕ ರೇಡಾರ್ ಮಾತ್ರ ಇತ್ತು, ಪರದೆಯ ಚುಕ್ಕೆ ಎತ್ತರ ಹೇಳುತ್ತಿರಲಿಲ್ಲ. ನಿಯಂತ್ರಕರಿಗೆ ಪೈಲಟ್ ಆಡಿದ ಮಾತೇ ಆಧಾರ. ಇಂದು ಪರದೆಯೇ ಎತ್ತರ ತೋರಿಸುವುದರಿಂದ ಕಿವಿ ಮೊಂಡಾಗುತ್ತದೆ. ಟೆನೆರಿಫೆ ದ್ವೀಪದ ರನ್‌ವೇಯಲ್ಲಿ 1977ರಲ್ಲಿ ಎರಡು ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತ ಬಳಿಕವೇ ‘ಟೇಕ್‌ಆಫ್’ ಪದವನ್ನು ಅನುಮತಿ ಕೊಡುವಾಗ ಇಲ್ಲವೇ ಹಿಂಪಡೆಯುವಾಗ ಮಾತ್ರ ಬಳಸಬೇಕೆಂಬ ಶಿಸ್ತು ಬಂದದ್ದು. ನನ್ನ ಕೊನೆಯ ತರಬೇತಿಯಲ್ಲಿ ಮೂವರು ಯುವಕರು ಅದನ್ನು ಮಾತಿನ ನಡುವೆ ಸಲೀಸಾಗಿ ಆಡಿದರು.

ಟಿಳಕವಾಡಿಯಿಂದ: ಯುವಕರನ್ನು ದೂರುವ ಮೊದಲು ನಿಮ್ಮ ಕಾಲದಲ್ಲಿ ಇಂಗ್ಲಿಷ್ ಭಾಷಾ ಪರೀಕ್ಷೆ ಇತ್ತೇ ಎಂದು ಹೇಳಿ. ಅದರಲ್ಲಿ ನಾಲ್ಕನೆಯ ಹಂತ ಪಡೆದಿರುವ ನಾನು 3 ವರ್ಷಕ್ಕೊಮ್ಮೆ ಅದನ್ನು ಎದುರಿಸುತ್ತೇನೆ. ಕನ್ನಡ ಮಾಧ್ಯಮದವನು ಎಂದು ಅಲ್ಲಿ ಯಾರೂ ರಿಯಾಯಿತಿ ಕೊಡುವುದಿಲ್ಲ.

ವಿಜಯಪುರದಿಂದ: ರಿಯಾಯಿತಿ ಕೇಳಿದವರು ಯಾರು? ನಾನೂ ಇಂಡಿ ಪಟ್ಟಣದ ಸರ್ಕಾರಿ ಶಾಲೆಯಲ್ಲೇ ಓದಿದವನು.

ಕೇಳಿದವರು, ಸಾಂಬ್ರಾ: ಮುಂದೂಡುವುದಿಲ್ಲವೆಂದು ಮನಸ್ಸು ಮಾಡಿದ್ದೇನೆ. ತರಬೇತಿ ಕೇಂದ್ರದ ವಸತಿಗೃಹದಲ್ಲಿ ಅಮ್ಮನನ್ನೂ ಮಗುವನ್ನೂ ಜೊತೆಗಿಟ್ಟುಕೊಳ್ಳಲು ಬಿಡುತ್ತಾರೆಯೇ? ಇದನ್ನು ಬಲ್ಲವರು ಒಬ್ಬರಾದರೂ ತಿಳಿಸಿ.